ಬಗ್ದಾದಿನ ವೈದ್ಯರ ಪರೀಕ್ಷೆ

ಹತ್ತನೆಯ ಶತಮಾನದ ಆರಂಭದಲ್ಲಿ, ಇರಾಕಿನಲ್ಲಿ ಸಾಂಕ್ರಾಮಿಕ ರೋಗಗಳು ಹೆಚ್ಚಿದ್ದ ಒಂದು ವರ್ಷ, ಅಬ್ಬಾಸಿ ವಝೀರ್ ಅಲೀ ಇಬ್ನ್ ಈಸಾರು ಮುಖ್ಯ ವೈದ್ಯ ಸಿನಾನ್ ಇಬ್ನ್ ಸಾಬಿತ್‌ರಿಗೆ ಪತ್ರ ಬರೆದರು. ಸೆರೆಮನೆಗಳಲ್ಲಿರುವವರನ್ನು ವೈದ್ಯರು ಪ್ರತಿದಿನ ಕಾಣಬೇಕು. ವೈದ್ಯರಿಲ್ಲದ ಹಳ್ಳಿಗಳಿಗೆ ಔಷಧ ಭಂಡಾರದೊಡನೆ ವೈದ್ಯರು ಹೊರಡಬೇಕು ಎಂಬುದು ಅವರ ಆದೇಶವಾಗಿತ್ತು. ಸಿನಾನರು ಹರ್ರಾನಿನ ಸಾಬಿ ಮನೆತನದವರು. ಆದರೂ ಹೊಣೆ ಅವರ ವಿದ್ಯೆಯನ್ನು ನೋಡಿ ಬಂದಿತ್ತು.

ಔಷಧದ ಪೆಟ್ಟಿಗೆಯನ್ನು ಒಂದೇ ದಿನದಲ್ಲಿ ಸಜ್ಜುಗೊಳಿಸಬಹುದು. ಅದನ್ನು ತೆರೆಯುವ ಕೈಯನ್ನು ಸಜ್ಜುಗೊಳಿಸಲು ವರ್ಷಗಳು ಬೇಕು. ಹಿಜರಿ 319ರಲ್ಲಿ (ಕ್ರಿ.ಶ. 931) ವೈದ್ಯನೊಬ್ಬನ ತಪ್ಪಿನಿಂದ ಬಗ್ದಾದಿನ ಸಾಮಾನ್ಯ ಪ್ರಜೆಯೊಬ್ಬ ಮೃತಪಟ್ಟ. ಸಿನಾನರ ಪರೀಕ್ಷೆಯಲ್ಲಿ ತೇರ್ಗಡೆಯಾಗದವರು ಚಿಕಿತ್ಸೆ ನೀಡಕೂಡದೆಂದು ಖಲೀಫಾ ಅಲ್-ಮುಖ್ತದಿರ್ ಆಜ್ಞಾಪಿಸಿದರು. 860ಕ್ಕೂ ಹೆಚ್ಚು ಮಂದಿ ಪರೀಕ್ಷೆಗೊಳಗಾದರೆಂದು ಇಬ್ನ್ ಅಬೀ ಉಸೈಬಿಅ ದಾಖಲಿಸಿದ್ದಾರೆ. ಪ್ರಸಿದ್ಧರಿಗೂ ಆಸ್ಥಾನದ ವೈದ್ಯರಿಗೂ ವಿನಾಯಿತಿಯಿತ್ತು. ಉಳಿದವರಿಗೆ, ಅವರವರ ಅರಿವಿಗೆ ತಕ್ಕ ಚಿಕಿತ್ಸೆಗಷ್ಟೇ ಅನುಮತಿ ದೊರೆಯಿತು.

ಈ ಎರಡು ಘಟನೆಗಳನ್ನು ನಾವು ಒಟ್ಟಿಗೆ ಓದಬೇಕು. ಮೊದಲನೆಯದರಲ್ಲಿ ಕರುಣೆಯಿದೆ, ಎರಡನೆಯದರಲ್ಲಿ ಕರುಣೆಗೆ ಬೇಕಾದ ಶಿಸ್ತಿದೆ. ಆದರೆ ಆ ಶಿಸ್ತು ಜಾರಿಗೆ ಬರಲು ಒಂದು ಜೀವ ಹೋಗಬೇಕಾಯಿತು ಎಂಬುದನ್ನು, ಗತವೈಭವವನ್ನು ಹೊಗಳುವ ಭರದಲ್ಲಿ, ನಾವು ಮರೆತುಬಿಡುತ್ತೇವೆ. ಪ್ರವಾಹವಾಗಲಿ, ಸಾಂಕ್ರಾಮಿಕವಾಗಲಿ, ನಮ್ಮ ಕಲಿಕೆ ಮುಗಿಯುವವರೆಗೆ ಕಾಯುವುದಿಲ್ಲ. ವಿಪತ್ತಿನ ದಿನ ಓಡಿ ಬರುವ ಮನಸ್ಸು ಶ್ಲಾಘ್ಯವೇ. ಆ ಮನಸ್ಸುಳ್ಳ ನಮ್ಮ ಯುವಜನರಿಗೆ ನೆಮ್ಮದಿಯ ದಿನಗಳಲ್ಲೇ ಶುಶ್ರೂಷೆಯ ತರಬೇತಿ ಕೊಡಿಸುವುದು ಆ ಇತಿಹಾಸಕ್ಕೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.