ಅಲೆಗಳಿಂದ ವಿದ್ಯುತ್: ನೀತಿಯಿದೆ, ಪರೀಕ್ಷೆಗೆ ಆಸರೆ ಬೇಕಿದೆ

ಸಮುದ್ರದ ಅಲೆಗಳ ಏರಿಳಿತದಲ್ಲಿ ಅಡಗಿರುವ ಶಕ್ತಿಯನ್ನು ವಿದ್ಯುತ್ತಾಗಿ ಪರಿವರ್ತಿಸಿದಾಗ ದೊರೆಯುವುದೇ ಅಲೆಶಕ್ತಿ. ಉಬ್ಬರವಿಳಿತದ ಶಕ್ತಿ ಇದಕ್ಕಿಂತ ಭಿನ್ನ. ಅದಕ್ಕೆ ಚಂದ್ರ ಹಾಗೂ ಸೂರ್ಯನ ಆಕರ್ಷಣೆ ಕಾರಣವಾದರೆ, ಅಲೆಗೆ ಗಾಳಿಯೇ ಮೂಲ. ಘಟ್ಟದ ಮೇಲಿನ ಶಿವಮೊಗ್ಗಕ್ಕೆ ಕಡಲತೀರವಿಲ್ಲ. ಆದರೆ ನೀರಿನಿಂದ ವಿದ್ಯುತ್ ಪಡೆಯಲು ಸರ್ಕಾರ ಎಷ್ಟು ಹೊಣೆ ಹೊರಬೇಕಾಗುತ್ತದೆ ಎಂಬುದನ್ನು ಈ ಜಿಲ್ಲೆ ಹತ್ತಿರದಿಂದ ಕಂಡಿದೆ.

ವಿಳಿಂಜಂನಿಂದ ತೂತ್ತುಕುಡಿಯವರೆಗೆ

ಭಾರತದ ಮೊದಲ ಅಲೆಶಕ್ತಿ ಸ್ಥಾವರ 1991ರಲ್ಲಿ ತಿರುವನಂತಪುರದ ಸಮೀಪದ ವಿಳಿಂಜಂನಲ್ಲಿ ಆರಂಭವಾಯಿತು. ಮದ್ರಾಸ್ ಐಐಟಿಯ ತಜ್ಞರು ರೂಪಿಸಿದ ಇದರ ಸಾಮರ್ಥ್ಯ 150 ಕಿಲೋವ್ಯಾಟ್. ಕಾಂಕ್ರೀಟ್ ಕೋಣೆಯೊಳಗೆ ಅಲೆ ನುಗ್ಗಿದಾಗ ಒಳಗಿನ ಗಾಳಿ ಮೇಲಕ್ಕೆ ಒತ್ತಲ್ಪಟ್ಟು ಟರ್ಬೈನನ್ನು ತಿರುಗಿಸುತ್ತಿತ್ತು. ಈ ಸ್ಥಾವರ ಈಗ ಕಾರ್ಯನಿರ್ವಹಿಸುತ್ತಿಲ್ಲ. 2022ರಲ್ಲಿ ಅದೇ ಸಂಸ್ಥೆ ತೂತ್ತುಕುಡಿಯ ಕರಾವಳಿಯಿಂದ ಸುಮಾರು 6 ಕಿ.ಮೀ. ದೂರದಲ್ಲಿ 'ಸಿಂಧುಜಾ-1' ಸಾಧನವನ್ನು ಪರೀಕ್ಷಿಸಿತು. ಅದು ಉತ್ಪಾದಿಸಿದ್ದು 100 ವ್ಯಾಟ್ ಮಾತ್ರ. ದೇಶದ ಅಲೆಶಕ್ತಿಯ ಸೈದ್ಧಾಂತಿಕ ಸಾಮರ್ಥ್ಯ ಸುಮಾರು 40,000 ಮೆಗಾವ್ಯಾಟ್ ಎಂಬ ಅಂದಾಜಿನ ಮುಂದೆ ಇದು ಇನ್ನೂ ಮೊದಲ ಹೆಜ್ಜೆ.

ನೀತಿ ಹಾಗೂ ಪರೀಕ್ಷೆ

2019ರ ಆಗಸ್ಟ್‌ನಲ್ಲಿ ಕೇಂದ್ರದ ನವ ಹಾಗೂ ನವೀಕರಿಸಬಹುದಾದ ಇಂಧನ ಸಚಿವಾಲಯವು ಅಲೆ ಹಾಗೂ ಉಬ್ಬರವಿಳಿತ ಸೇರಿದಂತೆ ಎಲ್ಲ ಬಗೆಯ ಸಾಗರಶಕ್ತಿಯನ್ನು ನವೀಕರಿಸಬಹುದಾದ ಇಂಧನವೆಂದು ಸ್ಪಷ್ಟಪಡಿಸಿತು. ಇದರಿಂದ ಉತ್ಪಾದಿತ ವಿದ್ಯುತ್ತಿಗೆ ಮಾರುಕಟ್ಟೆಯ ಬಾಗಿಲು ತೆರೆಯಿತು. ಆದರೆ ಮಾರಲು ವಿದ್ಯುತ್ ದೊರೆಯುವ ಮುನ್ನ ಸಾಧನ ಉಪ್ಪುನೀರು ಹಾಗೂ ಬಿರುಗಾಳಿಯನ್ನು ತಾಳಿಕೊಳ್ಳಬೇಕು. ಆ ಹಂತದ ವೆಚ್ಚವನ್ನು ಮಾನ್ಯತೆಯೊಂದೇ ಭರಿಸದು.

ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ 2003ರಲ್ಲಿ ಸ್ಥಾಪನೆಯಾದ ಯುರೋಪಿಯನ್ ಸಾಗರಶಕ್ತಿ ಕೇಂದ್ರ ಈ ಕೊರತೆಯನ್ನು ತುಂಬಿತು. ಅಲ್ಲಿ ಸಮುದ್ರದಡಿಯ ಕೇಬಲ್ ಮತ್ತು ಗ್ರಿಡ್ ಸಂಪರ್ಕ ಮೊದಲೇ ಸಿದ್ಧವಿರುತ್ತವೆ. ಸಂಶೋಧಕರು ಸಾಧನ ತಂದು ಜೋಡಿಸಿದರಾಯಿತು. 2004ರಲ್ಲಿ 'ಪೆಲಾಮಿಸ್' ಎಂಬ ಸಾಧನ ಅಲ್ಲಿಂದ ಗ್ರಿಡ್‌ಗೆ ವಿದ್ಯುತ್ ನೀಡಿತು. ಆದರೂ ಅದರ ತಯಾರಕ ಕಂಪನಿ 2014ರಲ್ಲಿ ಆರ್ಥಿಕವಾಗಿ ಕುಸಿಯಿತು. ಪರೀಕ್ಷೆಯ ನಂತರವೂ ದೀರ್ಘಕಾಲದ ಆಸರೆ ಬೇಕೆಂಬುದು ಇದರ ಪಾಠ.

ಜೋಗ ಮತ್ತು ಭದ್ರಾವತಿ

ಮೈಸೂರು ಸಂಸ್ಥಾನ ಈ ಆಸರೆಯನ್ನು ಒದಗಿಸಿದ ಬಗೆ ಗಮನಾರ್ಹ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮೊದಲ ವರ್ಷಗಳಲ್ಲಿ ನಷ್ಟ ಅನುಭವಿಸಿದರೂ ಸರ್ಕಾರ ಕೈಬಿಡಲಿಲ್ಲ, ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತದ ಹೊಣೆ ಹೊತ್ತರು. 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. ಅಲ್ಲಿಯವರೆಗೆ ಇದ್ದಿಲಿನಿಂದ ಅದಿರು ಕರಗಿಸುತ್ತಿದ್ದ ಕಾರ್ಖಾನೆಗೆ 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಹೊಸ ವಿದ್ಯುತ್ತಿಗೆ ಸರ್ಕಾರದ ಕಾರ್ಖಾನೆಯೇ ಗ್ರಾಹಕನಾಯಿತು.

ಆದರೆ ಇದೇ ನೆಲ ಇನ್ನೊಂದು ಎಚ್ಚರಿಕೆಯನ್ನೂ ನೀಡುತ್ತದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ 1,035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ನಡೆಯುತ್ತದೆ. ಅದಕ್ಕಾಗಿ ಊರು ಬಿಟ್ಟ ಕುಟುಂಬಗಳ ಭೂಹಕ್ಕಿನ ಕೂಗು ದಶಕಗಳ ನಂತರವೂ ನಿಂತಿಲ್ಲ. ಅಲೆಶಕ್ತಿಗೆ ನೆಲ ಮುಳುಗಬೇಕಿಲ್ಲ. ಆದರೆ ಸಾಧನಗಳನ್ನು ನೆಡುವ ಕಡಲು ಮೀನುಗಾರರ ಬದುಕಿನ ನೆಲೆ.

ಆದ್ದರಿಂದ ಪರೀಕ್ಷಾ ತಾಣಕ್ಕೆ ಸರ್ಕಾರದ ಬಂಡವಾಳ, ಉತ್ಪಾದನೆಯಾದ ವಿದ್ಯುತ್ತಿಗೆ ಖಚಿತ ಗ್ರಾಹಕ ಹಾಗೂ ಕರಾವಳಿಯ ಜನರ ಒಪ್ಪಿಗೆ ಈ ಮೂರೂ ಅಗತ್ಯ. ಮೊದಲೆರಡನ್ನು ಜೋಗ ಮತ್ತು ಭದ್ರಾವತಿ ತೋರಿಸಿಕೊಟ್ಟಿವೆ. ಮೂರನೆಯದನ್ನು ಮರೆತರೆ ತೆರಬೇಕಾದ ಬೆಲೆ ಏನೆಂಬುದನ್ನು ಶರಾವತಿಯ ಸಂತ್ರಸ್ತರು ಬಲ್ಲರು.