ಅಹಿಚ್ಛತ್ರದಿಂದ ತಾಳಗುಂದಕ್ಕೆ
ಮುಕ್ಕಣ್ಣ ಕದಂಬನು ಅಹಿಚ್ಛತ್ರದಿಂದ 32 ಕುಟುಂಬಗಳ 12,000 ಬ್ರಾಹ್ಮಣರನ್ನು ಅಗ್ನಿಹೋತ್ರಗಳೊಡನೆ ಕರೆತಂದು ತಾಳಗುಂದದಲ್ಲಿ ನೆಲೆಗೊಳಿಸಿದನೆಂದು ಅಲ್ಲಿಯ ಒಂದು ಶಾಸನವು ಹೇಳುತ್ತದೆ. ಈ ಸಂಖ್ಯೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಅದೇ ಊರಿನ, ಇದಕ್ಕಿಂತ ಬಹು ಹಿಂದಿನದಾದ, ಕ್ರಿ. ಶ. 5ನೆಯ ಶತಮಾನದ ಶಾಂತಿವರ್ಮನ ಸ್ತಂಭಶಾಸನವು ಕದಂಬರ ಮೂಲವನ್ನು ವಿಸ್ತಾರವಾಗಿ ವರ್ಣಿಸಿಯೂ ಈ ವಲಸೆಯ ಮಾತನ್ನೇ ಎತ್ತುವುದಿಲ್ಲ. ಆದರೂ ಐತಿಹ್ಯದಲ್ಲಿ ಒಂದು ತಿರುಳುಂಟು: ಕರೆಯಿಸಿಕೊಂಡುದು ಒಂಟಿ ವಿದ್ವಾಂಸನನ್ನಲ್ಲ, ಕುಟುಂಬವನ್ನು, ಆದುದರಿಂದ ಮನೆಯೂ, ಮಕ್ಕಳ ಕಾಲಕ್ಕೂ ಸಲ್ಲುವ ವೃತ್ತಿಯೂ ಅಗತ್ಯವಾಗಿದ್ದುವು. ಅಗ್ರಹಾರವೆಂಬ ಸಂಸ್ಥೆಯು ಒದಗಿಸುತ್ತಿದ್ದುದು ಇದನ್ನೇ. ಹೊರನಾಡಿನಿಂದ ಬಂದವನು, ಕೈಹಿಡಿಯುವವರಿಲ್ಲದೆ, ರೋಗಕ್ಕೆ ಸಿಕ್ಕಿದರೆ? ಇದಕ್ಕೆ ಉತ್ತರವು ನೆರೆಯ ಬಳ್ಳಿಗಾವೆಯಲ್ಲಿ ದೊರೆಯುತ್ತದೆ. 1162ರ ಶಾಸನದಂತೆ ಅಲ್ಲಿಯ ಕೋಡಿಯಮಠವು ವ್ಯಾಕರಣಾದಿ ಶಾಸ್ತ್ರಗಳ ಪಾಠದೊಡನೆ ನಾನಾ ದೇಶಗಳ ಭಿಕ್ಷುಕರಿಗೆ ಅನ್ನವನ್ನೂ ಅನಾಥ ರೋಗಿಗಳಿಗೆ ಔಷಧವನ್ನೂ ಕೊಡುತ್ತಿದ್ದಿತು.