ಅಫೋರ್ಡಬಲ್ ಕೇರ್ ಆಕ್ಟ್ ಮತ್ತು ವೈದ್ಯಕೀಯ ವೆಚ್ಚ

ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮಾ 2010ರ ಮಾರ್ಚ್ 23ರಂದು ಸಹಿ ಹಾಕಿದ ಆರೋಗ್ಯ ಸುಧಾರಣಾ ಕಾಯಿದೆ. ‘ಒಬಾಮಾಕೇರ್’ ಎಂದೇ ಪರಿಚಿತ. ಮೊದಲೇ ಕಾಯಿಲೆಯಿದ್ದವರಿಗೆ ವಿಮೆ ನಿರಾಕರಿಸುವುದನ್ನು ಇದು ನಿಷೇಧಿಸಿತು, ಬಡವರ ಮೆಡಿಕೇಡ್ ಯೋಜನೆಯನ್ನು ವಿಸ್ತರಿಸಿತು. ವಿಮೆಯಿಲ್ಲದವರ ಸಂಖ್ಯೆ ಕೋಟಿಯ ಲೆಕ್ಕದಲ್ಲಿ ಇಳಿಯಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ವೆಚ್ಚ ತಗ್ಗಿತೇ ಎಂಬ ವಾದ ಇನ್ನೂ ಮುಗಿದಿಲ್ಲ. ಕಡಿವಾಣ ಹಾಕಬೇಕಿದ್ದ ಎರಡು ಮುಖ್ಯ ಅಂಶಗಳು, ಅಂದರೆ ವೃದ್ಧರ ಮೆಡಿಕೇರ್ ಯೋಜನೆಯ ಖರ್ಚನ್ನು ಹಿಡಿತದಲ್ಲಿಡುವ ಸ್ವತಂತ್ರ ಮಂಡಳಿ ಮತ್ತು ದುಬಾರಿ ವಿಮೆಯ ಮೇಲಿನ ತೆರಿಗೆ, ಜಾರಿಗೆ ಬರುವ ಮೊದಲೇ ಕ್ರಮವಾಗಿ 2018 ಮತ್ತು 2019ರಲ್ಲಿ ರದ್ದಾದವು. ಖಾಸಗಿ ವಿಮೆಯವರಿಗೆ ಆಸ್ಪತ್ರೆಗಳು ವಿಧಿಸುವ ದರಕ್ಕೆ ಕಾಯಿದೆ ಮಿತಿ ಹಾಕಲೇ ಇಲ್ಲ. ದೊಡ್ಡ ಕೊರತೆ ಇದೇ. ಆಯ್ದ ಔಷಧಗಳ ಬೆಲೆ ಇಳಿಸಲು ಕಂಪನಿಗಳೊಂದಿಗೆ ಚೌಕಾಸಿ ಮಾಡುವ ಅಧಿಕಾರ ಮೆಡಿಕೇರ್‌ಗೆ ಸಿಕ್ಕಿದ್ದು 2022ರ ಬೇರೊಂದು ಕಾಯಿದೆಯಿಂದ.